ಎರಡು ಚೀಟಿ, ಒಂದು ಮೈ

ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಬಹಳ ಮಂದಿಗೆ ಇಂದಾಪುರ ಅಂದರೆ ಬಸ್ಸು ಚಹಾಕ್ಕೆ ನಿಲ್ಲುವ ಊರು. ಸ್ವಾರಗೇಟಿನಿಂದ ವಿಜಯಪುರಕ್ಕೋ ಕಲಬುರಗಿಗೋ ಹೊರಟರೆ ಸೋಲಾಪುರ ಹೆದ್ದಾರಿಯಲ್ಲಿ ಸುಮಾರು 135 ಕಿಲೋಮೀಟರ್ ಆದಮೇಲೆ ಸಿಗುತ್ತದೆ. ಅದಕ್ಕಿಂತ ಮೊದಲು ಭಿಗವಣ, ಉಜನಿ ಅಣೆಕಟ್ಟಿನ ಹಿನ್ನೀರು, ಚಳಿಗಾಲವಾದರೆ ಆ ನೀರಿನಲ್ಲಿ ಫ್ಲೆಮಿಂಗೊ ಹಕ್ಕಿಗಳು. ಆಮೇಲೆ ಕಣ್ಣು ಹಾಯಿಸಿದಷ್ಟೂ ಕಬ್ಬು. ನನಗೆ ಅದು ಅಪ್ಪ, ಅವ್ವ, ತಮ್ಮ ಇರುವ ಊರು. ಇಂಡಿ ತಾಲೂಕಿನ ನಮ್ಮ ಹಳ್ಳಿಯಿಂದ ಅಪ್ಪ ಇಲ್ಲಿಯ ಒಂದು ಸಕ್ಕರೆ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದದ್ದು 1998ರಲ್ಲಿ. ಉಜನಿಯಲ್ಲಿ ನಿಂತ ಭೀಮಾ ನದಿಯ ನೀರೇ ಮುಂದೆ ಪಂಢರಪುರ ದಾಟಿ ನಮ್ಮ ಸೀಮೆಗೆ ಹೋಗುತ್ತದೆ ಅನ್ನುವುದು ಅವ್ವನಿಗೆ ಈಗಲೂ ಒಂದು ಸಮಾಧಾನ. "ನೀರು ಹೋಗ್ತದಲ್ಲ, ನಾವೂ ಯಾವಾಗರೆ ಹೋಗೂಣು" ಅನ್ನುತ್ತಾಳೆ.

ಸಕ್ಕರೆ ಕಾರ್ಖಾನೆಗಳ ಈ ತಾಲೂಕಿನಲ್ಲಿ ಸಕ್ಕರೆ ಕಾಯಿಲೆಯೂ ಮನೆಮಾತು. ಸಂಜೆ ಕಟ್ಟೆಗೆ ಕೂತವರಲ್ಲಿ ಯಾರನ್ನು ಕೇಳಿದರೂ ಶುಗರಿನ ಬಗ್ಗೆ ಒಂದು ಅನುಭವ, ಒಂದು ಸಲಹೆ ಇರುತ್ತದೆ. ಯಾವ ಮಾತ್ರೆ ಒಳ್ಳೆಯದು, ಯಾವ ಕಷಾಯ ಕುಡಿದರೆ ಇಳಿಯುತ್ತದೆ, ಮೂರು ತಿಂಗಳಿನ ಟೆಸ್ಟಿನಲ್ಲಿ ಎಷ್ಟು ಬರಬೇಕು, ಎಲ್ಲರಿಗೂ ಗೊತ್ತು. ನಾನು ಹೇಳಹೊರಟಿರುವುದು ಆ ಶುಗರಿನ ವಿಷಯವಲ್ಲ. ನನ್ನ ತಮ್ಮನಿಗೆ ಬಂದ ಸಕ್ಕರೆ ಕಾಯಿಲೆ ಕಬ್ಬಿಣದಿಂದ ಬಂದದ್ದು. ಹೆಸರು ಒಂದೇ ಆದರೂ ಅದರ ಪರೀಕ್ಷೆ ಬೇರೆ, ಔಷಧದ ಲೆಕ್ಕ ಬೇರೆ. ಆ ವ್ಯತ್ಯಾಸ ಗೊತ್ತಿರುವವರು ಒಬ್ಬರೂ ಹತ್ತಿರ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಮನೆ ನೋಡಿದೆ.

ತಮ್ಮ ಹುಟ್ಟಿದ್ದು 1996ರಲ್ಲಿ. ಎಂಟನೆಯ ತಿಂಗಳಿಗೆ ಬಿಳಿಚಿಕೊಂಡ. ಹಾಲು ಕುಡಿಯಲೊಲ್ಲ, ಹೊಟ್ಟೆ ಉಬ್ಬಿತ್ತು. ಮೈಯಲ್ಲಿ ರಕ್ತ ಕಡಿಮೆ ಅಂತ ಊರಲ್ಲಿ ಕಬ್ಬಿಣದ ಟಾನಿಕ್ ಕೊಟ್ಟರು, ಮನೆಯಲ್ಲಿ ಬೆಲ್ಲದ ನೀರು ಕುಡಿಸಿದರು. ಸೋಲಾಪುರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ ಥಲಸೇಮಿಯಾ ಮೇಜರ್ ಅಂತ ಗೊತ್ತಾಯಿತು. ಅಪ್ಪ-ಅವ್ವನದು ಸೋದರ ಸಂಬಂಧದ ಮದುವೆ. ಇಬ್ಬರಲ್ಲೂ ಥಲಸೇಮಿಯಾದ ಒಂದೊಂದು ಜೀನು ಇತ್ತು. ಒಂದೇ ಜೀನು ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ, ಹೆಚ್ಚೆಂದರೆ ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇರುತ್ತದೆ. ಎರಡೂ ಕಡೆಯಿಂದ ಬಂದ ಮಗುವಿಗೆ ಮಾತ್ರ ಹಿಮೋಗ್ಲೋಬಿನ್ ಸರಿಯಾಗಿ ಕಟ್ಟುವುದೇ ಇಲ್ಲ. ಅಂಥ ಅಪ್ಪ-ಅವ್ವಂದಿರ ಪ್ರತಿ ಬಸಿರಿನಲ್ಲೂ ಹಾಗಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆ ಅನ್ನುವುದು ಸರ್ಕಾರದ್ದೇ ಅಂದಾಜು. ಅಸ್ಥಿಮಜ್ಜೆ ಕಸಿ ಮಾಡಿದರೆ ಗುಣವಾಗಬಹುದು. ಒಡಹುಟ್ಟಿದವರದು ಹೊಂದಬೇಕು. ನನ್ನದು ಹೊಂದಲಿಲ್ಲ. ಹಾಗಾಗಿ ಮೂರು ವಾರಕ್ಕೊಮ್ಮೆ ರಕ್ತ.

ಕಬ್ಬಿಣ ಎಲ್ಲಿಂದ ಬಂತು ಅನ್ನುವುದು ಇಲ್ಲಿದೆ. ದೊಡ್ಡವರ ಮೈಯಲ್ಲಿ ಒಟ್ಟು ಕಬ್ಬಿಣ ಮೂರ್ನಾಲ್ಕು ಗ್ರಾಂ ಮಾತ್ರ. ದಿನಕ್ಕೆ ಒಂದೆರಡು ಮಿಲಿಗ್ರಾಂ ಊಟದಿಂದ ಒಳಗೆ ಬರುತ್ತದೆ, ಅಷ್ಟೇ ಹೊರಗೆ ಹೋಗುತ್ತದೆ. ಹೆಚ್ಚಾದದ್ದನ್ನು ಹೊರಹಾಕಲು ಮೂತ್ರಪಿಂಡಕ್ಕಾಗಲಿ ಯಕೃತ್ತಿಗಾಗಲಿ ದಾರಿ ಇಲ್ಲ. ಒಂದು ಬಾಟಲಿ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ತಮ್ಮ ದೊಡ್ಡವನಾದಮೇಲೆ ಮೂರು ವಾರಕ್ಕೆ ಎರಡು ಬಾಟಲಿಯಂತೆ ವರ್ಷಕ್ಕೆ ಏಳೆಂಟು ಗ್ರಾಂ ಒಳಗೆ ಹೋಗುತ್ತಿತ್ತು. ಒಂದು ಮೈಯಲ್ಲಿ ಇರಬೇಕಾದದ್ದರ ಎರಡು ಪಟ್ಟು, ಪ್ರತಿ ವರ್ಷ. ಅದು ಮೊದಲು ಯಕೃತ್ತಿನಲ್ಲಿ ಕೂರುತ್ತದೆ, ಆಮೇಲೆ ಹೃದಯದಲ್ಲಿ, ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ, ಮೇದೋಜೀರಕ ಗ್ರಂಥಿಯಲ್ಲಿ. ಇನ್ಸುಲಿನ್ ಮಾಡುವ ಬೀಟಾ ಕಣಗಳು ಇರುವುದು ಆ ಮೇದೋಜೀರಕದಲ್ಲಿ. ಕಬ್ಬಿಣದ ತುಕ್ಕು ತಡೆಯುವ ಶಕ್ತಿ ಆ ಕಣಗಳಿಗೆ ಬಹಳ ಕಡಿಮೆ.

ಕಬ್ಬಿಣ ತೆಗೆಯುವ ಔಷಧಗಳು ಇವೆ. ಮೊದಲಿನದು ಡೆಸ್ಫೆರಾಲ್. ಹೊಟ್ಟೆಯ ಚರ್ಮದ ಕೆಳಗೆ ಸೂಜಿ ಚುಚ್ಚಿ, ಸಣ್ಣ ಪಂಪಿನಿಂದ ಎಂಟು ಹತ್ತು ತಾಸು, ವಾರದಲ್ಲಿ ಐದಾರು ರಾತ್ರಿ. ಪಂಪು, ಔಷಧ ಎರಡರ ಬೆಲೆಯೂ ಫಿಟ್ಟರನ ಸಂಬಳಕ್ಕೆ ಎಟುಕುವಂಥದ್ದಾಗಿರಲಿಲ್ಲ. 1990ರ ದಶಕದ ನಡುವೆ ಸಿಪ್ಲಾ ಕಂಪನಿ ಕೆಲ್ಫರ್ ಅನ್ನುವ ಹೆಸರಿನಲ್ಲಿ ಡೆಫೆರಿಪ್ರೋನ್ ಕ್ಯಾಪ್ಸೂಲು ತಂದಿತ್ತು. ಬಾಯಿಂದ ತೆಗೆದುಕೊಳ್ಳುವ ಈ ಔಷಧಕ್ಕೆ ಮೊದಲು ಪರವಾನಗಿ ಕೊಟ್ಟ ದೇಶ ನಮ್ಮದೇ. ತಮ್ಮ ಅದರ ಮೇಲೆ ಬೆಳೆದ. ಮೂತ್ರ ಕೆಂಪಗೆ ಹೋಗುತ್ತಿತ್ತು. ಕೆಂಪು ಕಂಡರೆ ಅವ್ವನಿಗೆ ಖುಷಿ, "ಕಬ್ಬಿಣ ಹೊಂಟದ" ಅಂತ. ಆಮೇಲೆ ಡೆಫೆರಾಸಿರಾಕ್ಸ್ ಬಂತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನಲ್ಲಿ ಕರಗಿಸಿ ಕುಡಿದು ಅರ್ಧ ತಾಸು ಕಾಯಬೇಕು. ರುಚಿಗೆ ಕಿತ್ತಳೆ ರಸದಲ್ಲಿ ಕರಗಿಸಬಹುದು ಅಂದಿದ್ದರು. ಆಗ ಅವನಿಗೆ ಶುಗರ್ ಇರಲಿಲ್ಲ, ರಸವೇ ಆಗಿತ್ತು. ಮುಂದೆ ಅದೂ ಹೋಯಿತು.

ಇನ್ನೊಂದು ಮಾತು. 2013ರ ಹೊತ್ತಿಗೆ ಶಾಲೆ-ಕಾಲೇಜಿನ ಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುವ ಯೋಜನೆ ಬಂತು. ತಮ್ಮ ಹನ್ನೆರಡನೆಯ ತರಗತಿಯಲ್ಲಿದ್ದ. ಮಾತ್ರೆ ಹಂಚುವ ಬಾಯಿಯ ಮುಂದೆ ಕೈಕಟ್ಟಿ ನಿಂತು, "ನನ್ನ ಪಾಲಿಂದು ಬ್ಯಾರೆಯವರಿಗೆ ಕೊಡ್ರಿ, ನನ್ನತ್ರ ಭಾಳ ಐತಿ" ಅಂದಿದ್ದನಂತೆ, ಮರಾಠಿಯಲ್ಲಿ. ಆ ಯೋಜನೆ ಒಳ್ಳೆಯದೇ, ಬಹಳ ಮಕ್ಕಳಿಗೆ ಬೇಕಾದದ್ದು. ಆದರೆ ರಕ್ತ ಕಡಿಮೆ ಅಂದಕೂಡಲೇ ಕಬ್ಬಿಣ ಕೊಡು ಅನ್ನುವ ಸೂತ್ರ ಎಲ್ಲರಿಗೂ ಹೊಂದುವುದಿಲ್ಲ ಅಂತ ಅವನು ಹದಿನೇಳಕ್ಕೇ ತಿಳಿದಿದ್ದ. ಸಕ್ಕರೆಯ ಸೂತ್ರಗಳೂ ಹಾಗೇ ಅಂತ ತಿಳಿಯಲು ಇನ್ನೂ ನಾಲ್ಕು ವರ್ಷ ಬೇಕಾಯಿತು.

2017ರ ಬೇಸಿಗೆ. ಬಿ.ಕಾಂ. ಕೊನೆಯ ವರ್ಷದ ಪರೀಕ್ಷೆ. ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡಿಯುತ್ತಿದ್ದ. ಪ್ಯಾಂಟು ಸಡಿಲವಾಗಿತ್ತು. ಇಂದಾಪುರದಲ್ಲೇ ಒಂದು ದವಾಖಾನೆಗೆ ತೋರಿಸಿದರು. ಅಲ್ಲಿ ಎಚ್‌ಬಿಎ1ಸಿ ಬರೆದುಕೊಟ್ಟರು. 5.9 ಬಂತು. "ಶುಗರ್ ಇಲ್ಲ, ಗಡಿಯ ಹತ್ತಿರ ಇದೆ, ಸಿಹಿ ಕಡಿಮೆ ಮಾಡು" ಅಂದರು. ಮನೆಯಲ್ಲಿ ಎಲ್ಲರೂ ನಿರಾಳ. ಎರಡು ವಾರದ ನಂತರ ರಕ್ತ ಹಾಕಿಸಿಕೊಳ್ಳಲು ಪುಣೆಗೆ ಬಂದಾಗ ಅಲ್ಲಿಯ ನರ್ಸಮ್ಮ ಬೆರಳು ಚುಚ್ಚಿ ನೋಡಿದರೆ ಖಾಲಿ ಹೊಟ್ಟೆಯಲ್ಲೇ 212. ಎರಡನೆಯ ಸಲ ಪ್ರಯೋಗಾಲಯದಲ್ಲಿ ನೋಡಿದರೂ ಅಷ್ಟೇ.

ಎರಡೂ ಸಂಖ್ಯೆ ಹೇಗೆ ನಿಜ ಆಗುತ್ತವೆ? ಎಚ್‌ಬಿಎ1ಸಿ ಅಳೆಯುವುದು ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯನ್ನು. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಅಷ್ಟು ದಿನ ಅದು ಸಕ್ಕರೆಯಲ್ಲಿ ಓಡಾಡಿದ್ದರ ಗುರುತು ಅದರ ಮೈಮೇಲೆ ಇರುತ್ತದೆ. ಅದಕ್ಕೇ ಅದನ್ನು ಮೂರು ತಿಂಗಳ ಸರಾಸರಿ ಅನ್ನುವುದು. ಆದರೆ ತಮ್ಮನ ಮೈಯಲ್ಲಿರುವ ಕೆಂಪು ಕಣಗಳು ಬಹುಪಾಲು ದಾನಿಗಳವು. ಒಂದಷ್ಟು ಬಂದು ಎರಡು ವಾರವಾಗಿದೆ, ಒಂದಷ್ಟು ಐದು ವಾರ. ಅದಕ್ಕೆ ಮೊದಲು ಅವು ಯಾರದೋ ಮೈಯಲ್ಲಿ, ಆಮೇಲೆ ರಕ್ತನಿಧಿಯ ಫ್ರಿಜ್ಜಿನಲ್ಲಿ ಇದ್ದವು. ಡಾಕ್ಟರು ಇದನ್ನು ಮರಾಠಿಯಲ್ಲಿ ವಿವರಿಸಿದರು. ತಮ್ಮ ನನಗೆ ಫೋನಿನಲ್ಲಿ ಒಂದೇ ಮಾತಿನಲ್ಲಿ ಹೇಳಿದ: "ಅಕ್ಕಾ, ಆ 5.9 ನಂದಲ್ಲ. ರಕ್ತಾ ಕೊಟ್ಟವ್ರದು. ಪುಣ್ಯಾತ್ಮರು, ಅವ್ರಿಗಿ ಶುಗರ್ ಇಲ್ಲ."

ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುವವರಲ್ಲಿ ಎಚ್‌ಬಿಎ1ಸಿಯನ್ನು ನಂಬಬಾರದು. ಖಾಲಿ ಹೊಟ್ಟೆಯ ಶುಗರ್, ಗ್ಲುಕೋಸ್ ಕುಡಿಸಿ ಎರಡು ತಾಸಿನ ನಂತರದ ಶುಗರ್, ಮನೆಯಲ್ಲಿ ಬೆರಳು ಚುಚ್ಚಿ ಬರೆದಿಟ್ಟ ಲೆಕ್ಕ, ಇವೇ ಆಧಾರ. ಎರಡು ಮೂರು ವಾರದ ಸರಾಸರಿ ಬೇಕಾದರೆ ಫ್ರುಕ್ಟೋಸಮೀನ್ ಅನ್ನುವ ಪರೀಕ್ಷೆ ಇದೆ. ಅದು ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ, ಯಕೃತ್ತು ಬಹಳ ಕೆಟ್ಟಿದ್ದರೆ ಅದೂ ತಪ್ಪುತ್ತದೆ. ಬೆರಳಿನ ಮೀಟರಿಗೂ ಒಂದು ಮಿತಿ ಇದೆ. ರಕ್ತ ಬಹಳ ತೆಳುವಾಗಿದ್ದಾಗ ಕೆಲವು ಮೀಟರುಗಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ಅದಕ್ಕೆ ತಮ್ಮ ತನ್ನ ಡೈರಿಯಲ್ಲಿ ಶುಗರಿನ ಪಕ್ಕದಲ್ಲಿ ರಕ್ತ ಹಾಕಿಸಿಕೊಂಡು ಎಷ್ಟು ದಿನ ಆಯಿತು ಅಂತಲೂ ಬರೆಯುತ್ತಾನೆ. ಥಲಸೇಮಿಯಾ ಇರುವ ಮಕ್ಕಳಿಗೆ ಹತ್ತು ವರ್ಷದ ಮೇಲೆ ಪ್ರತಿ ವರ್ಷ ಗ್ಲುಕೋಸ್ ಕುಡಿಸಿ ಪರೀಕ್ಷೆ ಮಾಡಬೇಕು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಅದು ನಮಗೆ ಗೊತ್ತಾದಾಗ ಅವನಿಗೆ ಇಪ್ಪತ್ತೊಂದು.

ಆಮೇಲೆ ಶುರುವಾಯಿತು ಎರಡು ಚೀಟಿಯ ಸಂಸಾರ. ರಕ್ತದ ಡಾಕ್ಟರು ಪುಣೆಯಲ್ಲಿ, ಸಕ್ಕರೆಯ ಡಾಕ್ಟರು ಇಂದಾಪುರದಲ್ಲಿ. ಒಬ್ಬರ ಚೀಟಿ ಇನ್ನೊಬ್ಬರು ನೋಡುವ ಪದ್ಧತಿ ಇಲ್ಲ. ಸಕ್ಕರೆ ಡಾಕ್ಟರಿಗೆ ದಿನಕ್ಕೆ ನೂರು ಜನ, ಎಲ್ಲರಿಗೂ ಒಂದೇ ಕಾಯಿಲೆ. ರಕ್ತದ ಡಾಕ್ಟರು ಹೃದಯ ನೋಡಬೇಕು, ಯಕೃತ್ತು ನೋಡಬೇಕು, ರಕ್ತ ಹೊಂದಿಸಬೇಕು. ಇಬ್ಬರೂ ತಮ್ಮ ಕೆಲಸ ಮಾಡುತ್ತಿದ್ದರು. ಎರಡೂ ಚೀಟಿಯ ಮಾತ್ರೆ ಹೋಗಿ ಸೇರುತ್ತಿದ್ದುದು ಮಾತ್ರ ಒಂದೇ ಹೊಟ್ಟೆಗೆ.

ಮೊದಲು ಬಂದದ್ದು ಮೆಟ್‌ಫಾರ್ಮಿನ್. ಎಲ್ಲರಿಗೂ ಅದೇ ಮೊದಲು, ಯಕೃತ್ತು ಸಕ್ಕರೆ ಬಿಡುವುದನ್ನು ತಗ್ಗಿಸುತ್ತದೆ. ಕಬ್ಬಿಣದ ಸಕ್ಕರೆಯಲ್ಲೂ ಶುರುವಿಗೆ ಅದಕ್ಕೆ ಕೆಲಸ ಇದೆ. ಯಕೃತ್ತು ತುಂಬಿಕೊಂಡಾಗ ಮೈ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ, ಆ ಹಂತದಲ್ಲಿ ಮೆಟ್‌ಫಾರ್ಮಿನ್ ಸಹಾಯ ಮಾಡುತ್ತದೆ. ಆದರೆ ಅದು ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಸೋತರೆ, ಇಲ್ಲವೇ ಹೃದಯ, ಯಕೃತ್ತು ತೀರಾ ಕೆಟ್ಟರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯ ಇದೆ. ಇತ್ತ ಡೆಫೆರಾಸಿರಾಕ್ಸ್ ಕೆಲವರಲ್ಲಿ ಕ್ರಿಯೇಟಿನಿನ್ ಏರಿಸುತ್ತದೆ, ಅದಕ್ಕೇ ತಿಂಗಳು ತಿಂಗಳು ಕ್ರಿಯೇಟಿನಿನ್ ನೋಡಿಸುತ್ತಾರೆ. ಅಂದರೆ ಪುಣೆಯ ಆ ರಿಪೋರ್ಟು ಇಂದಾಪುರದ ಮಾತ್ರೆಗೂ ಬೇಕು. ಅದನ್ನು ಒಯ್ದು ಅವರ ಮೇಜಿನ ಮೇಲೆ ಇಡುವವರು ಯಾರು? ಮೆಟ್‌ಫಾರ್ಮಿನ್ ಬಹಳ ವರ್ಷ ತಿಂದರೆ ವಿಟಮಿನ್ ಬಿ12 ಇಳಿಯುತ್ತದೆ ಅನ್ನುವುದೂ ಉಂಟು. ಮೊದಲೇ ರಕ್ತ ಇಲ್ಲದವನಿಗೆ ಅದು ಇನ್ನೊಂದು ಕಡೆಯಿಂದ ರಕ್ತ ಕಡಿಮೆ ಮಾಡುವ ದಾರಿ.

ವರ್ಷದೊಳಗೆ ಮೆಟ್‌ಫಾರ್ಮಿನ್ ಸಾಲದಾಯಿತು. ಗ್ಲಿಮೆಪಿರೈಡ್ ಸೇರಿತು. ಅದು ಮೇದೋಜೀರಕವನ್ನು ಒತ್ತಾಯಿಸಿ ಇನ್ಸುಲಿನ್ ಬಿಡಿಸುತ್ತದೆ. ಒಳಗೆ ಕಣಗಳೇ ಸತ್ತಿರುವಾಗ ಎಷ್ಟು ಬಿಡಿಸೀತು? ಬತ್ತಿದ ಬಾವಿಗೆ ದೊಡ್ಡ ಮೋಟಾರು ಇಳಿಸಿದ ಹಾಗೆ. ಪಿಯೊಗ್ಲಿಟಜೋನ್ ಬರೆಯೋಣವೇ ಅಂತ ಒಬ್ಬರು ಕೇಳಿದ್ದರು. ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಸೋತ ಹೃದಯಕ್ಕೆ ಭಾರ, ಮೂಳೆ ಸವೆಸುತ್ತದೆ. ತಮ್ಮನ ಹೃದಯದಲ್ಲಿ ಕಬ್ಬಿಣ ಇರುವುದು ಎಂಆರ್‌ಐನಲ್ಲಿ ಕಂಡಿತ್ತು, ಥಲಸೇಮಿಯಾದಲ್ಲಿ ಮೂಳೆ ಮೊದಲೇ ಪೊಳ್ಳು. ಪುಣೆಯವರು ಬೇಡ ಅಂದರು. ಮುಂದೆ 2020ರ ಕೊನೆಗೆ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಅಗ್ಗವಾಗಿ ಎಲ್ಲ ಅಂಗಡಿಗೆ ಬಂದಾಗ ಕಟ್ಟೆಯ ಮೇಲಿನ ಕಾಕಾಗಳೆಲ್ಲ ಅದನ್ನೇ ಹೊಗಳುತ್ತಿದ್ದರು. ಸಾಮಾನ್ಯ ಶುಗರಿನವರಿಗೆ ಹೃದಯ, ಮೂತ್ರಪಿಂಡ ಕಾಯುವ ಒಳ್ಳೆಯ ಔಷಧ ಅದು. ಇನ್ಸುಲಿನ್ನೇ ಇಲ್ಲದ ಮೈಯಲ್ಲಿ ಮಾತ್ರ ಅದರಿಂದ ಕೀಟೋನ್ ಏರುವ ಅಪಾಯ ಇದೆ. ಅದೂ ಶುಗರ್ ಹೆಚ್ಚು ತೋರಿಸದೆಯೇ ಏರಬಹುದು, ಹಾಗಾಗಿ ಬೇಗ ಗೊತ್ತೂ ಆಗುವುದಿಲ್ಲ.

ನಮಗೆ ನಿಜವಾದ ಪೆಟ್ಟು ಕೊಟ್ಟದ್ದು ಇವು ಯಾವುವೂ ಅಲ್ಲ. 2019ರಲ್ಲಿ ಬೇರೊಂದು ದವಾಖಾನೆಯಲ್ಲಿ, ಊಟದ ನಂತರದ ಶುಗರ್ ಹೆಚ್ಚಿದೆ ಅಂತ ರಿಪಾಗ್ಲಿನೈಡ್ ಬರೆದರು. ಊಟಕ್ಕೆ ಕೂರುವ ಮುಂಚೆ ತೆಗೆದುಕೊಳ್ಳುವ ಸಣ್ಣ ಮಾತ್ರೆ. ಬೇರೆ ಏನೇನು ತೆಗೆದುಕೊಳ್ಳುತ್ತೀ ಅಂತ ಕೇಳಿದರು. ಅವನು ಡೆಫೆರಾಸಿರಾಕ್ಸ್ ಹೆಸರು ಹೇಳಿದ. ಅವರು ತಲೆ ಆಡಿಸಿ ಚೀಟಿ ಕೊಟ್ಟರು. ಐದನೆಯ ದಿನ ಪುಣೆಗೆ ಹೊರಟ ಎಸ್‌ಟಿ ಬಸ್ಸಿನಲ್ಲಿ, ಭಿಗವಣ ಬರುವ ಹೊತ್ತಿಗೆ ಅವನ ಅಂಗಿ ಬೆವರಿಗೆ ಒದ್ದೆ. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಜೊತೆಗಿದ್ದ ಅಪ್ಪನಿಗೆ ಕುಡಿದವರ ಹಾಗೆ ಕಂಡಿತಂತೆ. ಹಿಂದಿನ ಸೀಟಿನ ಒಬ್ಬ ಅಜ್ಜಿ, ಅವರ ಮನೆಯಲ್ಲೂ ಶುಗರ್ ಇತ್ತೋ ಏನೋ, ತನ್ನ ಗಂಟಿನಿಂದ ಸಕ್ಕರೆ ತೆಗೆದು ನೀರಿಗೆ ಹಾಕಿ ಕುಡಿಸಿದಳು. ಹತ್ತು ನಿಮಿಷದ ನಂತರ ಅವನ ಮೀಟರಿನಲ್ಲಿ ನೋಡಿದಾಗಲೂ 48 ಇತ್ತು. ಕಂಡಕ್ಟರ್ ಬಸ್ಸು ನಿಲ್ಲಿಸಿದ. ಇನ್ನೊಂದು ಲೋಟ ಸಕ್ಕರೆ ನೀರು. ಪುಣೆ ಮುಟ್ಟುವ ಹೊತ್ತಿಗೆ ಸುಧಾರಿಸಿಕೊಂಡ.

ಕಾರಣ ಹುಡುಕಿದ್ದು ಪುಣೆಯ ಆ ವಾರ್ಡಿನಲ್ಲಿ ಔಷಧ ನೋಡಿಕೊಳ್ಳುವ ಫಾರ್ಮಸಿಸ್ಟ್ ಹುಡುಗಿ. ಎರಡೂ ಚೀಟಿ ಅಕ್ಕಪಕ್ಕ ಇಟ್ಟು ಓದಿದ್ದು ಅವಳೇ ಮೊದಲು. ರಿಪಾಗ್ಲಿನೈಡನ್ನು ಯಕೃತ್ತು ಕರಗಿಸುವುದು ಸಿವೈಪಿ2ಸಿ8 ಅನ್ನುವ ಒಂದು ಕಿಣ್ವದಿಂದ. ಡೆಫೆರಾಸಿರಾಕ್ಸ್ ಆ ಕಿಣ್ವದ ಕೈ ಕಟ್ಟುತ್ತದೆ. ಆಗ ರಕ್ತದಲ್ಲಿ ರಿಪಾಗ್ಲಿನೈಡ್ ಪ್ರಮಾಣ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಇದು ಗುಟ್ಟಿನ ವಿಷಯವೇನಲ್ಲ. ಡೆಫೆರಾಸಿರಾಕ್ಸ್ ಡಬ್ಬಿಯೊಳಗೆ ಮಡಚಿ ಇಟ್ಟ ಕಾಗದದಲ್ಲಿ, ಸೂಕ್ಷ್ಮ ಅಕ್ಷರದ ಇಂಗ್ಲಿಷಿನಲ್ಲಿ ಇದನ್ನೇ ಬರೆದಿರುತ್ತಾರೆ. ಆ ಕಾಗದವನ್ನು ನಮ್ಮಲ್ಲಿ ಯಾರು ಬಿಡಿಸಿ ನೋಡುತ್ತಾರೆ? ಅಂಗಡಿಯವನು ಡಬ್ಬಿ ಒಡೆದು ಪಟ್ಟಿ ಅಷ್ಟೇ ಕೊಡುತ್ತಾನೆ. ಅವಳು ಅದನ್ನು ಬಿಡಿಸಿ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿದಳು. ತಮ್ಮ ಆ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದಾನೆ.

ಆ ವಾರವೇ ಪುಣೆಯ ಡಾಕ್ಟರು ಇನ್ಸುಲಿನ್ ಶುರು ಮಾಡಿದರು. ಕಣಗಳು ಸತ್ತಲ್ಲಿ ಕೊನೆಗೆ ಅದೇ ಔಷಧ, ಮತ್ತು ಅದಕ್ಕೆ ಕಬ್ಬಿಣದ ಔಷಧದ ಜೊತೆ ಜಗಳ ಇಲ್ಲ. ಅವ್ವ ಮಾತ್ರ ಅತ್ತಳು. "ಇಷ್ಟ ದಿನ ರಕ್ತ ಹಾಕೂ ಸೂಜಿ, ಈಗ ಸಕ್ಕರಿ ಇಳಸೂ ಸೂಜಿ. ಕೂಸಿನ ಮೈಯಾಗ ಜಾಗಾನ ಉಳಿಲಿಲ್ಲ." ಬೆಳಗಿನ ಕ್ರಮ ಹೀಗೆ ಕೂತಿತು: ಎದ್ದಕೂಡಲೇ ಬೆರಳು, ಆಮೇಲೆ ನೀರಿನಲ್ಲಿ ಕರಗಿಸಿದ ಡೆಫೆರಾಸಿರಾಕ್ಸ್, ಅರ್ಧ ತಾಸು ಕಾಯುವುದು, ಆಮೇಲೆ ಇನ್ಸುಲಿನ್, ಆಮೇಲೆಯೇ ರೊಟ್ಟಿ. ಕ್ರಮ ತಪ್ಪಿ ಇನ್ಸುಲಿನ್ ಮೊದಲಾದರೆ ಆ ಅರ್ಧ ತಾಸಿನಲ್ಲೇ ಶುಗರ್ ಇಳಿಯಬಹುದು. ಮೇ ತಿಂಗಳಲ್ಲಿ ಇಂದಾಪುರದ ಬಿಸಿಲು 40 ದಾಟುತ್ತದೆ, ಕರೆಂಟು ಹೋಗುತ್ತದೆ. ಫ್ರಿಜ್ಜು ನಂಬಿ ಕೂರುವ ಹಾಗಿಲ್ಲ. ಎರಡು ಮಣ್ಣಿನ ಗಡಿಗೆ, ನಡುವೆ ಹಸಿ ಮರಳು, ಒಳಗೆ ಇನ್ಸುಲಿನ್ ಶೀಶೆ. ನಮ್ಮೂರಲ್ಲಿ ಬೆಣ್ಣೆ ಇಡುತ್ತಿದ್ದ ಹಾಗೆ ಅವ್ವ ಇಡುತ್ತಾಳೆ.

ಇದರ ಜೊತೆಗೆ ಕಬ್ಬಿಣ ತೆಗೆಯುವುದನ್ನೂ ಜೋರು ಮಾಡಿದರು. ಡೆಫೆರಾಸಿರಾಕ್ಸ್ ಜೊತೆ ಹಳೆಯ ಕೆಲ್ಫರ್ ಮತ್ತೆ ಬಂತು. ಎರಡೂ ಕೊಡುವಾಗ ಬಿಳಿ ರಕ್ತಕಣ ಇಳಿದಿದೆಯೋ ಅಂತ ಮೇಲಿಂದ ಮೇಲೆ ನೋಡಬೇಕು, ಜ್ವರ ಬಂದರೆ ಆ ದಿನವೇ. ಎರಡು ವರ್ಷದಲ್ಲಿ ಫೆರಿಟಿನ್ 4200ರಿಂದ 1300ಕ್ಕೆ ಬಂತು. ಇನ್ಸುಲಿನ್ ದಿನಕ್ಕೆ 38 ಯೂನಿಟ್ಟಿನಿಂದ 26ಕ್ಕೆ ಇಳಿಯಿತು. ಸತ್ತ ಕಣ ಎದ್ದು ಬರುವುದಿಲ್ಲ, ಆದರೆ ಯಕೃತ್ತು ಹಗುರಾದರೆ ಇದ್ದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನೂ ಮುಂಚೆ, ಶುಗರ್ ಈಗಷ್ಟೇ ಏರುತ್ತಿರುವಾಗ ಕಬ್ಬಿಣ ತೆಗೆದರೆ ಕೆಲವರಲ್ಲಿ ಶುಗರ್ ಸರಿಹೋದದ್ದೂ ಉಂಟು ಅಂತ ಡಾಕ್ಟರು ಹೇಳಿದರು. ಅಂದರೆ ಈ ಕಾಯಿಲೆಯಲ್ಲಿ ಶುಗರಿನ ಅತಿ ದೊಡ್ಡ ಔಷಧ ಶುಗರಿನ ಚೀಟಿಯಲ್ಲಿ ಇಲ್ಲ, ಇನ್ನೊಂದು ಚೀಟಿಯಲ್ಲಿದೆ.

ಕಬ್ಬಿಣದ ಸಕ್ಕರೆ ಹೊಸದೂ ಅಲ್ಲ. ನಮ್ಮ ಕಂಪನಿಯ ಡಬ್ಲಿನ್ ಕಚೇರಿಯ ಸಹೋದ್ಯೋಗಿಯೊಬ್ಬಳು ಒಮ್ಮೆ ಕಾಲಿನಲ್ಲಿ, ಅಪ್ಪನನ್ನು ರಕ್ತ ತೆಗೆಸಲು ಕರೆದೊಯ್ಯಬೇಕು, ಬೇಗ ಹೋಗುತ್ತೇನೆ ಅಂದಳು. ಅವರ ದೇಶದಲ್ಲಿ ಹಿಮೋಕ್ರೊಮಟೋಸಿಸ್ ಸಾಮಾನ್ಯ. ಊಟದಿಂದಲೇ ಅತಿಯಾಗಿ ಕಬ್ಬಿಣ ಹೀರಿಕೊಳ್ಳುವ ಆನುವಂಶಿಕ ಕಾಯಿಲೆ ಅದು, ಅದರ ಮುಖ್ಯ ಜೀನು 1996ರಲ್ಲಿ ಪತ್ತೆಯಾಯಿತು. ನಮ್ಮ ದೇಶದಲ್ಲಿ ಆ ಬಗೆ ಅಪರೂಪ. ಫ್ರಾನ್ಸಿನ ವೈದ್ಯ ಟ್ರೂಸೋ 1865ರಲ್ಲೇ, ಚರ್ಮ ಕಂಚಿನ ಬಣ್ಣಕ್ಕೆ ತಿರುಗಿ, ಯಕೃತ್ತು ಗಟ್ಟಿಯಾಗಿ, ಸಕ್ಕರೆ ಕಾಯಿಲೆ ಬಂದ ರೋಗಿಯ ಬಗ್ಗೆ ಬರೆದಿದ್ದ. ಅದಕ್ಕೆ ಕಂಚಿನ ಮಧುಮೇಹ ಅನ್ನುವ ಹೆಸರೇ ಬಂತು. ಅವಳ ಅಪ್ಪನಿಗೆ ಚಿಕಿತ್ಸೆ ಸರಳ, ಆಗಾಗ ಒಂದು ಬಾಟಲಿ ರಕ್ತ ತೆಗೆದರೆ 200-250 ಮಿಲಿಗ್ರಾಂ ಕಬ್ಬಿಣ ಹೊರಗೆ. ನನ್ನ ತಮ್ಮನಿಗೆ ಅದೇ ಬಾಟಲಿ ಒಳಗೆ ಹೋಗುತ್ತದೆ. ನಾನು ಅವಳಿಗೆ ನನ್ನ ತಮ್ಮನ ಕತೆ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ: "ಅವನ ಎಚ್‌ಬಿಎ1ಸಿ ನಂಬುತ್ತಿಲ್ಲ ತಾನೇ?" ರಕ್ತ ತೆಗೆಸುವವರಲ್ಲೂ ಹಳೆಯ ಕಣ ಹೋಗಿ ಹೊಸ ಕಣ ಬರುವುದರಿಂದ ಅದು ಕಡಿಮೆ ತೋರಿಸುತ್ತದಂತೆ. ಅಲ್ಲಿಯೂ ಮನೆಯವರೇ ಅದನ್ನು ಕಲಿತಿದ್ದರು.

ಈಗ ತಮ್ಮ ಇಂದಾಪುರದ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಲೆಕ್ಕದವನಲ್ಲವೇ, ತನ್ನದನ್ನೂ ಒಂದು ಹಾಳೆಗೆ ಇಳಿಸಿದ್ದಾನೆ. ಎಡಗಡೆ ಕಬ್ಬಿಣದ ಔಷಧ, ಬಲಗಡೆ ಸಕ್ಕರೆಯ ಔಷಧ, ಕೆಳಗೆ ಕೊನೆಯ ಕ್ರಿಯೇಟಿನಿನ್, ಫೆರಿಟಿನ್, ಹೃದಯದ ಎಂಆರ್‌ಐ, ಕೊನೆಯ ರಕ್ತದ ತಾರೀಖು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಕಬ್ಬಿಣದ ಟಾನಿಕ್ ಬೇಡ, ವಿಟಮಿನ್ ಸಿ ಮಾತ್ರೆ ಕೇಳದೆ ಬೇಡ, ಎಚ್‌ಬಿಎ1ಸಿ ಲೆಕ್ಕಕ್ಕಿಲ್ಲ. ಇಂಗ್ಲಿಷಿನಲ್ಲಿ ಒಂದು, ಮರಾಠಿಯಲ್ಲಿ ಒಂದು, ಅವ್ವನಿಗೆ ಕನ್ನಡದಲ್ಲಿ ಒಂದು. ಊರಿಂದ ಯಾರಾದರೂ ಬಂದರೆ ಇನ್ನೂ ಬೆಲ್ಲದ ಪೆಂಟಿ ತರುತ್ತಾರೆ, ಹುಡುಗನಿಗೆ ರಕ್ತ ಆಗಲಿ ಅಂತ. ಅವ್ವ ಈಗ ಅವರಿಗೆ ಬೈಯುವುದಿಲ್ಲ, ಆ ಕನ್ನಡದ ಹಾಳೆ ಓದಿ ಹೇಳುತ್ತಾಳೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಕಡಿಮೆ ಹೀರುತ್ತದೆ ಅನ್ನುವುದು ಅವಳಿಗೆ ಬಹಳ ಹಿಡಿಸಿದ ವೈದ್ಯಶಾಸ್ತ್ರ. ಸಕ್ಕರೆ ಇಲ್ಲದ ಚಹಾ, ಅಷ್ಟೇ ಬೇಜಾರು.

ನಾವು ಊರು ಬಿಟ್ಟು ಬಂದವರಿಗೆ ದವಾಖಾನೆಯೂ ಒಂದೇ ಕಡೆ ಇರುವುದಿಲ್ಲ. ಕೆಲಸ ಬದಲಾದರೆ ಊರು ಬದಲು, ಊರು ಬದಲಾದರೆ ಡಾಕ್ಟರು ಬದಲು, ಭಾಷೆಯೂ ಬದಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸೇಮಿಯಾ ಸೇರಿದೆ, ಕಾಗದ ಮಾಡಿಸಿಕೊಳ್ಳಿ. ಸಂಬಂಧದಲ್ಲಿ ಮದುವೆ ಮಾತಾಡುವಾಗ ಜಾತಕದ ಜೊತೆ ಇಬ್ಬರದೂ ಎಚ್‌ಬಿಎ2 ಪರೀಕ್ಷೆ ಮಾಡಿಸಿ, ಜೀವಮಾನಕ್ಕೆ ಒಂದೇ ಸಲ ಸಾಕು. ನಾನು ಮಾಡಿಸಿದೆ, ನನ್ನಲ್ಲಿ ಒಂದು ಜೀನು ಇದೆ. ಮದುವೆಯಾಗುವವನಿಗೂ ಮಾಡಿಸಿದೆವು, ಅವನಲ್ಲಿ ಇಲ್ಲ.

ಹೋದ ತಿಂಗಳು ಇಂಡಿಯಿಂದ ದೂರದ ಸಂಬಂಧಿಯೊಬ್ಬರ ಫೋನು ಬಂದಾಗ ನಾನು ಮನೆಯಲ್ಲೇ ಇದ್ದೆ. ಅವರ ಹದಿನಾಲ್ಕು ವರ್ಷದ ಮಗಳಿಗೂ ಥಲಸೇಮಿಯಾ. ಹುಡುಗಿ ನೀರು ಬಹಳ ಕುಡಿಯುತ್ತಾಳೆ, ಟೆಸ್ಟು ಮಾಡಿಸಿದರೆ ಮೂರು ತಿಂಗಳ ಶುಗರ್ ಚೊಲೋ ಬಂದಿದೆ, ಆದರೂ ಯಾವುದಾದರೂ ಗುಳಿಗಿ ಹೇಳು ಅಂದರು. ತಮ್ಮ ಫೋನು ಸ್ಪೀಕರಿಗೆ ಹಾಕಿ, ಡೈರಿ ಎಳೆದುಕೊಂಡ.

"ಕಾಕಾ, ಗುಳಿಗಿ ನಾ ಹೇಳೂದಿಲ್ಲ. ಡಾಕ್ಟರಿಗಿ ಕೇಳೂ ಪ್ರಶ್ನಿ ಹೇಳ್ತೀನಿ, ಬರಕೋರಿ. ಒಂದು, ಖಾಲಿ ಹೊಟ್ಟಿದು ಮತ್ತ ಗ್ಲುಕೋಸ್ ಕುಡಿಸಿ ಎರಡ ತಾಸಿಂದು ಎಷ್ಟದ? ಎರಡು, ಕ್ರಿಯೇಟಿನಿನ್ ಎಷ್ಟದ? ಮೂರು, ನೀವು ಬರಿಯೂ ಗುಳಿಗಿ ಕಬ್ಬಿಣದ ಗುಳಿಗಿ ಜೋಡಿ ನಡಿತದೇನು? ನಾಕು, ಕಬ್ಬಿಣದ ಡೋಸು ಸಾಕೋ ಸಾಲದೋ? ಎರಡೂ ಚೀಟಿ ಒಂದ ಪ್ಲಾಸ್ಟಿಕ್ ಪಿಶವಿಯೊಳಗ ಹಾಕ್ರಿ ಕಾಕಾ, ಬ್ಯಾರೆ ಬ್ಯಾರೆ ಇಡಬ್ಯಾಡ್ರಿ. ನಾಳೆನ ಹೋಗ್ರಿ."